ಹೊಟ್ಟು ಇರುವ ತನಕ

ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಹೆಂಗಸರದು ಎರಡು ಗುಂಪು. ಕಣದವರು ಮತ್ತು ಒಳಗಿನವರು. ಗಿರಣಿಯ ಮುಂದೆ ಗಚ್ಚು ಹಾಕಿದ ದೊಡ್ಡ ಕಣ ಇತ್ತು. ಮೆಟ್ರಿಯ ಕಡೆಯಿಂದ, ಕಾಲುವೆ ಬಯಲಿನಿಂದ ಗಾಡಿಗಳಲ್ಲಿ ಬಂದ ಹಸಿ ಭತ್ತವನ್ನು ಅಲ್ಲಿ ಹರವಿ, ಚೆನ್ನಾಗಿ ಒಣಗಿಸಿದ ಮೇಲೆಯೇ ಗಿರಣಿಗೆ ಹಾಕುವುದು. ಕಣದ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಬರಿಗಾಲಲ್ಲಿ ಭತ್ತದೊಳಗೆ ಕಾಲೆಳೆಯುತ್ತ, ಸಾಲು ಬಿಡುತ್ತ, ತಿರುವಿ ಹಾಕುತ್ತ ನಡೆಯುತ್ತಿದ್ದರು. ನಮ್ಮ ಬಿಸಿಲು ಎಂಥದ್ದೆಂದು ಹಂಪಿಯ ಬಂಡೆಗಳ ಮೇಲೆ ಮಧ್ಯಾಹ್ನ ಬರಿಗಾಲಿಟ್ಟವರಿಗೆ ಗೊತ್ತು. ಒಳಗಿನ ಹೆಂಗಸರದು ನೆರಳಿನ ಕೆಲಸ. ಗಿರಣಿಯಿಂದ ಬಿದ್ದ ಅಕ್ಕಿಯನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಕಲ್ಲು, ನುಚ್ಚು, ಕರಿಕಾಳು ಆರಿಸುವುದು. ಇದಕ್ಕೆ ನಮ್ಮ ಕಡೆ ಹಸನ ಮಾಡುವುದು ಎನ್ನುತ್ತಾರೆ.

ಕಣದವರೆಲ್ಲ ಊರಾಚೆಯ ಕೇರಿಯವರು, ಊರಿನವರು ಮುಟ್ಟಿಸಿಕೊಳ್ಳದ ಜನ. ಒಳಗಿನವರು ಊರೊಳಗಿನ ಮನೆಗಳವರು. ಕೇರಿಯವರು ಭತ್ತವನ್ನು ಮುಟ್ಟಬಹುದಿತ್ತು, ಹೊರಬಹುದಿತ್ತು, ಕಾಲಲ್ಲಿ ತುಳಿಯಬಹುದಿತ್ತು. ಅದೇ ಭತ್ತದ ಹೊಟ್ಟು ಬಿಟ್ಟು ಅಕ್ಕಿಯಾದರೆ ಮುಗಿಯಿತು, ಬೆರಳು ತಾಕಿಸುವಂತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಇದು ಯಾಕೆ ಹೀಗೆ ಎಂದು ನಮ್ಮ ಗುಮಾಸ್ತರನ್ನು ಕೇಳಿದ್ದೆ. "ಹೊಟ್ಟು ಇರೋ ತನಕ ಮೈಲಿಗಿ ತಾಕಂಗಿಲ್ಲವಾ. ಕಾಳಿಗೆ ಅದು ಅಂಗಿ ಇದ್ದಂಗ" ಎಂದಿದ್ದರು. ಒಂದು ಕಾಳಿಗೆ ಇಷ್ಟು ಬುದ್ಧಿ ಇದೆಯೆಂದು ಆಗ ಆಶ್ಚರ್ಯವಾಗಿತ್ತು. ಈಗ ನೆನೆದರೆ ಸಿಟ್ಟು ಬರುತ್ತದೆ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮಠದ ಸ್ವಾಮಿಗಳು ಪ್ರವಚನಕ್ಕೆ ಬಂದಾಗಲೆಲ್ಲ ಜಾತಿ ಇಲ್ಲ, ಮೈಲಿಗೆ ಇಲ್ಲ, ದುಡಿಯುವವರೆಲ್ಲ ಒಂದೇ ಎಂದು ಹೇಳುತ್ತಿದ್ದರು. ನಮ್ಮವರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು. ಆಮೇಲೆ ಮನೆಗೆ ಬಂದು, ಅಕ್ಕಿ ಹಸನ ಮಾಡಿದವರು ಯಾರೆಂದು ಖಾತ್ರಿ ಮಾಡಿಕೊಂಡೇ ಊಟಕ್ಕೆ ಕೂರುತ್ತಿದ್ದರು.

ನಾನು ಹೇಳಲಿರುವುದು ಆ ಕಣದ ಹೆಂಗಸರಲ್ಲಿ ಒಬ್ಬಳ ಬಗ್ಗೆ. ಹೆಸರು ಬರೆಯುವುದಿಲ್ಲ. ಆಕೆಯ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಕಣದಾಕೆ ಎಂದಷ್ಟೇ ಅನ್ನುತ್ತೇನೆ. ನಮ್ಮವ್ವನೂ ಆಕೆಯನ್ನು ಹಾಗೆಯೇ ಕರೆಯುತ್ತಿದ್ದಳು. ಆಕೆ ಕಣ ಬಿಟ್ಟು ಒಳಗೆ ಬಂದು ಕೂತು ವರ್ಷಗಳಾದ ಮೇಲೂ ಹಾಗೆಯೇ ಕರೆಯುತ್ತಿದ್ದಳು.

ಅಪ್ಪ ಲಿಂಗೈಕ್ಯರಾದಾಗ ನನಗೆ ಹತ್ತು ವರ್ಷವಿರಬಹುದು. ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಗಿರಣಿಯನ್ನು ಅಪ್ಪನ ಅಣ್ಣ ನೋಡಿಕೊಳ್ಳುತ್ತಾರೆ ಎಂದು ನೆಂಟರೆಲ್ಲ ತಾವು ತಾವೇ ಮಾತಾಡಿ ಮುಗಿಸಿಬಿಟ್ಟಿದ್ದರು. ತಿಂಗಳು ಮುಗಿಯುವುದರೊಳಗೆ ಅವ್ವ ಸೆರಗು ಹೊದ್ದು ಹೋಗಿ ಗಿರಣಿಯ ಗಾದಿಯ ಮೇಲೆ ಕೂತಳು. ಗುಮಾಸ್ತರು ಗಾಬರಿಯಾದರು.

"ಅವ್ವಾರ, ಹೆಣಮಕ್ಕಳು ಗಾದಿ ಮ್ಯಾಲೆ ಕುಂತ್ರ ವ್ಯಾಪಾರದವ್ರು ಏನಂತಾರ್ರಿ?"

"ಅಕ್ಕಿ ಚಲೋ ಇದ್ರ ತಗೋತಾರ, ಇಲ್ಲಂದ್ರ ಬಿಡ್ತಾರ. ಮಾರಾಕ ಇಟ್ಟಿದ್ದು ಅಕ್ಕೀನ, ನನ್ನಲ್ಲ."

ಅವ್ವನ ಬಾಯಿ ಹಾಗಿತ್ತು. ಬೇಡ ಎಂದರೆ ಸಾಕು, ಅದನ್ನೇ ಮಾಡುವ ಹೆಂಗಸು. ಈ ಗುಣದಿಂದ ನಮ್ಮ ಗಿರಣಿ ಉಳಿಯಿತು, ನೆಂಟಸ್ತಿಕೆಗಳು ಅಷ್ಟಾಗಿ ಉಳಿಯಲಿಲ್ಲ.

ಕಣದಾಕೆ ಒಳಗೆ ಬಂದದ್ದೂ ಅವ್ವನ ಆ ಗುಣದಿಂದಲೇ. ಅದೊಂದು ಬೇಸಿಗೆ. ಎರಡನೇ ಬೆಳೆಯ ಭತ್ತ ಕಣದ ತುಂಬ ಬಿದ್ದಿತ್ತು. ಕಣದಾಕೆ ಆಗ ತುಂಬು ಬಸುರಿ. ಸಾಲು ಬಿಡುತ್ತಿದ್ದವಳು ಭತ್ತದ ಮೇಲೆಯೇ ಕುಸಿದು ಬಿದ್ದಳು. ಅವ್ವ ಎದ್ದು ಓಡಿ ಹೋಗಿ, ಮುಖಕ್ಕೆ ನೀರು ಹೊಡೆದು, ರಟ್ಟೆ ಹಿಡಿದು ನಡೆಸಿಕೊಂಡು ಬಂದು ಒಳಗಿನ ನೆರಳಲ್ಲಿ ಕೂರಿಸಿದಳು. ಅಷ್ಟಕ್ಕೆ ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆ ಸುಧಾರಿಸಿಕೊಂಡಳು. ದುಡಿಯುವವರ ಕೈ ಸುಮ್ಮನಿರುವುದಿಲ್ಲ. ಪಕ್ಕದಲ್ಲಿದ್ದ ಮೊರ ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಕೇರತೊಡಗಿದಳು.

ಒಳಗಿನ ಹೆಂಗಸರು ಹಾವು ಕಂಡವರ ಹಾಗೆ ಎದ್ದು ನಿಂತರು. ಅವರಲ್ಲಿ ಹಿರಿಯಳು ಅವ್ವನ ಬಳಿ ಬಂದಳು.

"ಅವ್ವಾರ, ಆಕಿ ಇಲ್ಲಿ ಕುಂತ್ರ ನಾವು ಏಳಬೇಕಾಗ್ತೈತ್ರಿ."

ಹೀಗಂದಿದ್ದೇ ತಪ್ಪಾಯಿತು. ಬಸುರಿ ಸ್ವಲ್ಪ ಸುಧಾರಿಸಿಕೊಳ್ಳಲಿ, ಕಳಿಸುತ್ತೇನೆ ಎಂದು ಅವ್ವ ಹೇಳುವುದರಲ್ಲಿದ್ದಳೋ ಏನೋ. ಆ ಹಿರಿಯಳು ಏಳುತ್ತೇವೆ ಎಂದದ್ದೇ ತಡ, ಅವ್ವನ ಮುಖ ಬಿಗಿಯಿತು.

"ಏಳ್ರಿ ಮತ್ತ. ಯಾರು ಹಿಡಕೊಂಡಾರ ನಿಮ್ಮನ್ನ?"

ಅವರು ಎದ್ದು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಅವ್ವ ಗಾದಿಯಿಂದ ಇಳಿದು, ಕಣದಾಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ತಾನೇ ಮೊರ ಹಿಡಿದಳು. ಶಾಲೆ ಬಿಟ್ಟು ಬಂದ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಮುಂದೆ ಕಣದಾಕೆಯ ಹಿಂದೆ ಕೇರಿಯ ಇನ್ನಷ್ಟು ಹೆಂಗಸರು ಒಳಗೆ ಬಂದರು. ಆಕೆ ಬಾಣಂತನ ಮುಗಿಸಿ, ಗಂಡುಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. ಈಗ ದೊಡ್ಡ ದೊಡ್ಡ ಕಂಪನಿಗಳವರು ಎಲ್ಲ ಜನಾಂಗದವರನ್ನೂ ಹುಡುಕಿ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಫೋಟೋ ಹಾಕಿ ಹೇಳಿಕೊಳ್ಳುತ್ತಾರೆ. ನಮ್ಮವ್ವನ ತಲೆಯಲ್ಲಿ ಅಂಥ ಯಾವ ವಿಚಾರವೂ ಇರಲಿಲ್ಲ. ಆಕೆಯದು ಬರೀ ಹಟ. ಆದರೂ ಆ ಹಟದಿಂದ ಕೆಲವು ಹೆಂಗಸರಿಗೆ ನೆರಳು ಸಿಕ್ಕಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನಮ್ಮ ಗಿರಣಿಯಿಂದ ಬಹುಪಾಲು ಅಕ್ಕಿ ಲಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಬಳ್ಳಾರಿಯಲ್ಲೋ ಗುಂತಕಲ್ಲಿನಲ್ಲೋ ಅದನ್ನು ಉಣ್ಣುವವರಿಗೆ ಯಾರು ಹಸನ ಮಾಡಿದರೆಂದು ತಿಳಿಯುವ ಬಗೆ ಇರಲಿಲ್ಲ. ಆದರೆ ಊರಿನ ಮನೆಗಳವರೂ ತಮ್ಮ ಮನೆಬಳಕೆಯ ಭತ್ತವನ್ನು ಗಾಡಿಯಲ್ಲಿ ತಂದು ಮಾಡಿಸಿಕೊಂಡು ಹೋಗುತ್ತಿದ್ದರು. ಅವರ ಅಕ್ಕಿ ಅವರ ದೇವರಿಗೆ, ಹಬ್ಬಕ್ಕೆ, ಮದುವೆಗೆ. ಅವರು ಒಬ್ಬೊಬ್ಬರಾಗಿ ಬೇರೆ ಗಿರಣಿಗೆ ಗಾಡಿ ತಿರುಗಿಸಿದರು. ಅವ್ವನ ಹಟವೂ ಆಗ ಸ್ವಲ್ಪ ಬಾಗಿತು. ಎದ್ದು ಹೋಗಿದ್ದ ಹಳೆಯ ಹೆಂಗಸರನ್ನು ಆಕೆ ಕರೆಸಿ ಒಂದು ಏರ್ಪಾಡು ಮಾಡಿದಳು. ಲಾರಿ ಅಕ್ಕಿಯನ್ನು ಕೇರಿಯವರು ಹಸನ ಮಾಡುವುದು, ಊರ ಅಕ್ಕಿಯನ್ನು ಊರವರು.

ಈ ಏರ್ಪಾಡು ನಡೆಯುತ್ತಿದ್ದ ಬಗೆ ಹೀಗೆ. ಊರಿನ ಗಾಡಿ ದಾರಿಯಲ್ಲಿ ಕಂಡ ಕೂಡಲೇ ಗುಮಾಸ್ತರು ಬಾಗಿಲಲ್ಲಿ ನಿಂತು "ಊರ ಗಾಡಿ!" ಎಂದು ಕೂಗುತ್ತಿದ್ದರು. ಕೇರಿಯ ಹೆಂಗಸರು ತಟ್ಟನೆ ಎದ್ದು, ಮಡಿಲು ಕೊಡವಿ, ಹಿಂದಿನ ಬಾಗಿಲಿನಿಂದ ಕಣಕ್ಕೆ ಹೋಗುತ್ತಿದ್ದರು. ಗಾಡಿಯವರು ಒಳಗೆ ಬರುವಷ್ಟರಲ್ಲಿ ಅವರ ಜಾಗದಲ್ಲಿ ಹಳೆಯ ಹೆಂಗಸರು ಕೂತಿರುತ್ತಿದ್ದರು. ಗಾಡಿ ಹೋದ ಮೇಲೆ ಮತ್ತೆ ಇವರು ಒಳಗೆ. ಯಾರಿಗೂ ನೋವಾಗದ ಹಾಗೆ ಮಾಡಿದ್ದೇನೆ ಎಂದು ಅವ್ವ ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಿದ್ದಳು. ಊರಿನವರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರಲು ಒಂದು ಅನುಕೂಲ ಸಿಕ್ಕಿತ್ತು, ಅಷ್ಟೇ.

ಕಣದಾಕೆ ಒಮ್ಮೆ ನನ್ನ ಬಳಿ ಅಂದಿದ್ದಳು, "ಒಳಗ ಬಾ ಅಂದ್ರು, ಬಂದ್ವಿ. ಕುಂದ್ರು ಅಂದ್ರು, ಕುಂತ್ವಿ. ಏಳು ಅಂತ ಯಾವಾಗ ಅಂತಾರೋ ಅಂತ ಕಿವಿ ಬಾಗಿಲದಾಗ ಇಟ್ಟು ಕುಂದ್ರಬೇಕು ನೋಡ್ರಿ ಸಣ್ಣವ್ವಾರ."

ನಗುತ್ತಲೇ ಅಂದಿದ್ದಳು. ಆಕೆ ಯಾವಾಗಲೂ ನಗುನಗುತ್ತಲೇ ಮಾತಾಡುವ ಹೆಂಗಸು. ಶಾಲೆ ಬಿಟ್ಟ ಮೇಲೆ ನಾನು ಆಕೆಯ ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ. ಮೊರ ಹಿಡಿಯುವುದನ್ನು ಕಲಿಸಿಕೊಟ್ಟವಳು ಆಕೆಯೇ. ನಾನು ಕೇರಿದರೆ ಕಲ್ಲು ಮೊರದಲ್ಲೇ ಉಳಿದು ಅಕ್ಕಿಯೇ ಹೊರಗೆ ಹಾರುತ್ತಿತ್ತು. "ನಿಮ್ಮ ಅತ್ತಿ ಪುಣ್ಯ ಮಾಡ್ಯಾಳ್ರಿ, ನೆಲಕ್ಕ ಬಿದ್ದಿದ್ದನ್ನ ಬಳಕೊಂಡು ಉಣ್ತಾಳ" ಎಂದು ಛೇಡಿಸುತ್ತಿದ್ದಳು. ನನ್ನ ಮದುವೆಯ ಮಾತು ಬಂದಾಗಲೆಲ್ಲ ಆಕೆಗೆ ಒಂದೇ ಆಸೆ.

"ನಿಮ್ಮ ಅಕ್ಕಿಕಾಳಿನ ಅಕ್ಕಿ ನಾನ ಹಸನ ಮಾಡಾಕಿ ನೋಡ್ರಿ. ಹುಡುಕಿದ್ರೂ ಒಂದು ಮುಕ್ಕು ಸಿಗಬಾರದು."

ವಧೂವರರ ತಲೆಯ ಮೇಲೆ ಹಾಕುವ ಅಕ್ಷತೆಗೆ ನಮ್ಮಲ್ಲಿ ಅಕ್ಕಿಕಾಳು ಎನ್ನುತ್ತಾರೆ. ನಮಗಿಂತ ಬಡಗಲ ಕಡೆ ಜೋಳ ಹಾಕುವುದುಂಟು. ನಮ್ಮದು ಭತ್ತದ ಊರು, ಅಕ್ಕಿಯೇ ಆಗಬೇಕು. ಅದರಲ್ಲಿ ತುದಿ ಮುರಿದ ಕಾಳು ಒಂದೂ ಇರಬಾರದು. ಮುಕ್ಕಾದ ಕಾಳು ಬಿದ್ದರೆ ಸಂಸಾರ ಮುಕ್ಕಾಗುತ್ತದೆ ಎಂಬ ನಂಬಿಕೆ. ಆ ಅಕ್ಕಿಯನ್ನು ಮದುವೆಯ ಮುಂಚೆ ಐದು ಜನ ಮುತ್ತೈದೆಯರು ಕೂತು, ಹಾಡು ಹೇಳುತ್ತ ಹಸನ ಮಾಡಬೇಕು. ವಿಧವೆ ಮುಟ್ಟುವಂತಿಲ್ಲ. ಅಂದರೆ, ಊರಿಗೆಲ್ಲ ಅಕ್ಕಿ ಮಾಡಿಕೊಡುತ್ತಿದ್ದ ನಮ್ಮವ್ವ ತನ್ನ ಮಗಳ ಅಕ್ಕಿಕಾಳನ್ನು ಮುಟ್ಟುವಂತಿರಲಿಲ್ಲ.

ನನಗೆ ಹೊಸಪೇಟೆಯ ಹುಡುಗ ಗೊತ್ತಾದ. ಮದುವೆ ಹತ್ತಿರ ಬಂದಂತೆ ಅವ್ವ ಸಣ್ಣ ಸಣ್ಣದಕ್ಕೂ ರೇಗುತ್ತಿದ್ದಳು. ಒಂದು ಸೋಮವಾರ ನನ್ನನ್ನು ಕರೆದುಕೊಂಡು ಗಿರಣಿಗೆ ಹೋದಳು. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಗಿರಣಿಯೂ ಬಂದ್. ಒಳಗೆ ಕಣದಾಕೆ ಒಬ್ಬಳೇ ಕಾಯುತ್ತಿದ್ದಳು. ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ಲಿನ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು ಬಂದಿದ್ದಳು. ಹೊಸ ಮೊರ ಕೊಂಡು ಅದರ ಅಂಚಿಗೆ ಅರಿಶಿನ ಹಚ್ಚಿದ್ದಳು. ಅವ್ವ ಬಾಗಿಲು ಹಾಕಿ ಅಗುಳಿ ಇಟ್ಟಳು.

ಆ ಬೆಳಿಗ್ಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಗಡಿನ ಸಂದಿಯಿಂದ ಬಿಸಿಲು ಮೊರದ ಮೇಲೆ ಬೀಳುತ್ತಿತ್ತು. ಕಣದಾಕೆ ಸಣ್ಣ ದನಿಯಲ್ಲಿ ಏನೋ ಹಾಡಿಕೊಳ್ಳುತ್ತ, ಕಾಳಿನಿಂದ ಕಾಳು ಬಿಡಿಸಿ ನೋಡುತ್ತಿದ್ದಳು. ಅವ್ವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ಮಾರು ದೂರ ಕೂತಿದ್ದಳು.

"ನಾ ಮುಟ್ಟಂಗಿಲ್ಲ, ನೀ ಮುಟ್ಟಂಗಿಲ್ಲ. ಚಲೋ ಜೋಡಿ ನೋಡು ನಮ್ದು" ಎಂದು ಅವ್ವ ನಕ್ಕಳು. ನಕ್ಕವಳ ಕಣ್ಣಲ್ಲಿ ನೀರು ಬಂತು. ಕಣದಾಕೆ ಅದನ್ನು ನೋಡಿ ಮೊರ ನಿಲ್ಲಿಸಿದಳು.

"ನಾ ಮುಟ್ಟಿದ್ರ ನೀವು ಮುಟ್ಟಿದಂಗ ತಿಳೀರಿ ಅವ್ವಾರ. ಆದ್ರ ಒಂದು ಮಾತು. ನಾಳೆ ನಾಕ್ಮಂದಿ ಮುಂದ ಹೇಳ್ತೀರಲ್ಲಾ, ಇದನ್ನ ಆಕಿ ಮಾಡ್ಯಾಳ ಅಂತ?"

"ಹೇಳ್ತೀನಿ ತಗೋ. ಹೊತ್ತು ನೋಡಿ ಹೇಳ್ತೀನಿ."

"ನನಗ ಸೀರಿ ಬ್ಯಾಡ, ಉಡಿ ತುಂಬೂದು ಬ್ಯಾಡ. ಅದೊಂದು ಮಾತು ಸಾಕ್ರಿ."

ಇಷ್ಟೇ ಆಕೆ ಕೇಳಿದ್ದು. ಒಳಗೆ ಬಂದಾಗಿನಿಂದ ಆಕೆ ಹಸನ ಮಾಡಿದ ಒಂದು ಹಿಡಿ ಅಕ್ಕಿಯೂ ಆಕೆಯದೆಂದು ಹೊರಗೆ ಹೋಗಿರಲಿಲ್ಲ. ಈ ಒಂದು ಮೊರದ ಅಕ್ಕಿಯಾದರೂ ತನ್ನದೆಂದು ಊರ ಬಾಯಲ್ಲಿ ಬರಲಿ ಎಂಬುದು ಆಕೆಯ ಆಸೆ. ಅವ್ವ ಅದನ್ನು ಒಪ್ಪಿಕೊಂಡದ್ದಕ್ಕೆ ನಾನೇ ಸಾಕ್ಷಿ.

ಮರುದಿನ ಮನೆಯ ಪಡಸಾಲೆಯಲ್ಲಿ ಐದು ಜನ ಮುತ್ತೈದೆಯರು ಮಣೆಯ ಮೇಲೆ ಕೂತರು. ಮೊದಲೇ ಹಸನಾದ ಅಕ್ಕಿಯನ್ನು ಅವರ ಮುಂದೆ ಇಟ್ಟರು. ಶಾಸ್ತ್ರಕ್ಕೆ ಎರಡು ಸಲ ಕೇರಿದರೆ ಆಯಿತು. ವಿಧವೆಯೆಂದು ಅವ್ವ ಕಂಬದ ಹಿಂದೆ ನಿಂತಿದ್ದಳು. ಕಣದಾಕೆ ಹಿತ್ತಲಿಗೆ ಕಟ್ಟಿಗೆಯ ಹೊರೆ ತಂದು ಹಾಕಿ, ಹಿಂದಿನ ಬಾಗಿಲ ಹೊಸ್ತಿಲ ಆಚೆ ನಿಂತಿದ್ದಳು. ಅಲ್ಲಿಂದ ಪಡಸಾಲೆ ನೇರವಾಗಿ ಕಾಣುತ್ತದೆ, ಮಾತೂ ಕೇಳಿಸುತ್ತದೆ.

ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನಮ್ಮ ಮನೆಯಲ್ಲಿ ತಪ್ಪು ಹುಡುಕುವುದು ಆಕೆಯ ಹಳೆಯ ಹವ್ಯಾಸ. ಆ ಹೊತ್ತು ಆಕೆಗೂ ಏನೂ ಸಿಗಲಿಲ್ಲ.

"ಅಬ್ಬಬ್ಬಾ, ಒಂದು ಮುಕ್ಕಿಲ್ಲ! ಮುತ್ತು ಪೋಣಿಸಿದಂಗ ಐತಿ. ಯಾರು ಹಸನ ಮಾಡ್ಯಾರ ಇದನ್ನ?"

ನಾನು ಅವ್ವನನ್ನು ನೋಡಿದೆ. ಅವ್ವ ಹಿಂದಿನ ಬಾಗಿಲನ್ನು ನೋಡಿದಳು. ಕಣದಾಕೆ ತಲೆಯ ಮೇಲಿನ ಸಿಂಬೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು, ಮುಖದಲ್ಲಿ ಸಣ್ಣ ನಗು. ಪಡಸಾಲೆಯಲ್ಲಿ ಬೀಗರ ಕಡೆಯ ಇಬ್ಬರು ಹೆಂಗಸರೂ ಇದ್ದರು. ಅವ್ವ ಅವರ ಕಡೆ ಕಣ್ಣು ತಿರುಗಿಸಿದಳು.

"ಯಾರೂ ಇಲ್ಲಕ್ಕ. ಹೊಸ ಮಷಿನ್ ಹಾಕೀವಲ್ಲ, ಅದರಾಗ ಹಂಗ ಬರ್ತೈತಿ" ಎಂದಳು.

ಕಣದಾಕೆ ಸಿಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟು ಹೋದಳು. ಕೇರಿಯವರಿಗೆ ಹಿತ್ತಲಲ್ಲಿ ಊಟ ಇತ್ತು. ಆಕೆ ಉಣ್ಣಲಿಲ್ಲ. ಮದುವೆಯ ದಿನ ಕೇರಿಯ ಬೇರೆ ಹೆಂಗಸರು ಬಂದಿದ್ದರು, ಆಕೆ ಬರಲಿಲ್ಲ. ಆ ಅಕ್ಕಿ ನನ್ನ ತಲೆಯ ಮೇಲೆ, ಹೆಗಲ ಮೇಲೆ ಬಿತ್ತು. ಮದುವೆಯ ಸಡಗರದಲ್ಲೂ ನನಗೆ ಅಳು ಬಂತು. ತವರು ಬಿಡುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು.

ನಾಗರಪಂಚಮಿಗೆ ನಾನು ತವರಿಗೆ ಬಂದಾಗ ಕಣದಾಕೆ ಕಣದಲ್ಲಿದ್ದಳು. ಮೋಡ ಸರಿದು ಸುಡುವ ಬಿಸಿಲು ಬಿದ್ದಿತ್ತು. ಸೆರಗನ್ನು ತಲೆಗೆ ಬಿಗಿದುಕೊಂಡು, ಭತ್ತದೊಳಗೆ ಕಾಲೆಳೆಯುತ್ತ ಸಾಲು ಬಿಡುತ್ತಿದ್ದಳು. ಕೇರಿಯ ಉಳಿದ ಹೆಂಗಸರು ಒಳಗೇ ಇದ್ದರು. ಹಾಗೆ ಇದ್ದುದಕ್ಕೆ ಅವರನ್ನು ಯಾರೂ ಏನೂ ಅನ್ನುವಂತಿಲ್ಲ, ನೆರಳು ಯಾರಿಗೆ ಬೇಡ? ಅವ್ವನನ್ನು ಕೇಳಿದರೆ ರೇಗಿದಳು.

"ಸೊಕ್ಕು ಆಕಿಗೆ. ಒಳಗ ಬಾ ಅಂತ ಎಷ್ಟು ಸಲ ಕರದೀನಿ. ನಾ ಒಬ್ಬಾಕಿ ಊರು ಎದುರು ಹಾಕ್ಕೊಂಡು ಒಳಗ ಕುಂದ್ರಿಸಿದ್ನಲ್ಲ, ಅದು ನೆನಪಿಲ್ಲ ಆಕಿಗೆ."

ರೇಗಿದರೂ ಅವ್ವ ಗಾದಿಯನ್ನು ಸರಿಸಿ, ಕಣ ಕಾಣದ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂರಲು ಶುರು ಮಾಡಿದ್ದನ್ನು ನಾನು ಗಮನಿಸಿದೆ.

ನಾನು ಕಣಕ್ಕೆ ಹೋದೆ. ಕಣದಾಕೆ ನನ್ನ ಕರಿಮಣಿ ಮುಟ್ಟಿ ನೋಡಿ, ಗಂಡ ಒಳ್ಳೆಯವನಾ, ಅತ್ತೆ ಊಟಕ್ಕೆ ಕರೆಯುತ್ತಾಳಾ ಎಂದೆಲ್ಲ ವಿಚಾರಿಸಿದಳು. ನನ್ನ ಮೇಲೆ ಆಕೆಗೆ ಒಂದಿಷ್ಟೂ ಮುನಿಸಿರಲಿಲ್ಲ. ಒಳಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ನಗು ನಿಂತಿತು.

"ಮಷಿನ್ನಿಗೆ ಕೈ ಅದಾವೇನ್ರಿ ಸಣ್ಣವ್ವಾರ?"

ಕಾಲಿನಿಂದ ಭತ್ತ ಸರಿಸುತ್ತ ಆಕೆಯೇ ಮುಂದುವರಿಸಿದಳು.

"ಇಲ್ಲಿ ನಾ ಮಾಡಿದ್ದನ್ನ ನಾನ ಮಾಡೀನಿ ಅಂತ ಹೋಗೋರು ಬರೋರು ನೋಡ್ತಾರ. ಒಳಗ ಕದ್ದು ಮಾಡಬೇಕು. ನಾ ಏನು ತುಡುಗು ಮಾಡೀನ್ರಿ, ಬಾಗಲಾ ಹಾಕ್ಕೊಂಡು ಮಾಡಾಕ?"

ಮುಂದೆ ವರ್ಷಗಳು ಹಾಗೆಯೇ ಹೋದವು. ಊರು ಬೆಳೆಯಿತು. ಎರಡು ಬೆಳೆ ಬೆಳೆದ ಮನೆಗಳು ಮೇಲೆ ಮಾಳಿಗೆ ಕಟ್ಟಿಸಿದವು, ಬಾಗಿಲಲ್ಲಿ ಟ್ರ್ಯಾಕ್ಟರು ನಿಂತವು. ಕಣದಾಕೆ ಬಿಸಿಲಲ್ಲೇ ಇದ್ದಳು. ಒಂದು ಸಲ ಗಾಳಿಗೆ ಹಾರಿದ ಭತ್ತದ ಸುಂಕು, ಕಾಳಿನ ತುದಿಯ ಚೂಪು ಮುಳ್ಳು, ಬಲಗಣ್ಣಿಗೆ ಚುಚ್ಚಿತು. ಎದೆಹಾಲು ಬಿಡಿಸಿದರು, ಸೊಪ್ಪಿನ ರಸ ಹಿಂಡಿದರು. ನನಗೆ ಸುದ್ದಿ ಮುಟ್ಟಿ, ಹೊಸಪೇಟೆಗೆ ಕರೆಸಿಕೊಂಡು ಕಣ್ಣಿನ ಡಾಕ್ಟರಿಗೆ ತೋರಿಸುವಷ್ಟರಲ್ಲಿ ಕಣ್ಣಿಗೆ ಹೂ ಬಿದ್ದಿತ್ತು. ತಡವಾಯಿತು ಎಂದರು ಡಾಕ್ಟರು. ಕೆಲವು ವರ್ಷಗಳಲ್ಲಿ ಎಡಗಣ್ಣೂ ಮಂಜಾಯಿತು. ನೆರಳಲ್ಲಿ ಕೂತಿದ್ದರೆ ಹೀಗಾಗುತ್ತಿರಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ನಿಜವಾಗಿಯೂ ಹೊಸ ಮಷಿನ್ ಬಂತು. ಕಲ್ಲನ್ನೂ ನುಚ್ಚನ್ನೂ ಅದೇ ಬೇರೆ ಮಾಡುತ್ತಿತ್ತು. ಊರ ಹೆಂಗಸರು, ಕೇರಿಯ ಹೆಂಗಸರು ಎಲ್ಲರೂ ಒಂದೇ ದಿನ ಮನೆಗೆ ಹೋದರು. ಬಾಗಿಲಲ್ಲಿ ನಿಂತು ಕೂಗುವ ಕೆಲಸವೂ ತಪ್ಪಿತು. ಆ ಮಷಿನ್ ಮುಂದೆ ನಿಂತಾಗ ಅವ್ವನ ಮುಖ ಕಪ್ಪಿಟ್ಟಿತು. ಹದಿಮೂರು ಹದಿನಾಲ್ಕು ವರ್ಷದ ಹಿಂದೆ ಆಡಿದ ಮಾತು ಆಕೆಯ ಎದುರಿಗೇ ಬಂದು ನಿಂತಿತ್ತು.

ತಂಗಿಯ ಮದುವೆ ಗೊತ್ತಾದಾಗ ಅವ್ವ ನನಗೆ ಹೇಳಿಕಳಿಸಿದಳು. ಬಂದ ಕೂಡಲೇ, "ನಡ, ಕೇರಿಗೆ ಹೋಗಿ ಬರೂಣು" ಎಂದಳು. ಅಷ್ಟು ವರ್ಷ ಆ ಹೆಂಗಸರಿಂದ ಕೆಲಸ ಮಾಡಿಸಿದ್ದ ಅವ್ವ ಅಲ್ಲಿಯವರೆಗೆ ಒಮ್ಮೆಯೂ ಆ ಕೇರಿಗೆ ಹೋಗಿರಲಿಲ್ಲ. ಮೊಣಕಾಲು ನೋವಿನಲ್ಲಿ ನನ್ನ ಭುಜ ಹಿಡಿದುಕೊಂಡು ನಡೆದಳು. ಓಣಿಯವರೆಲ್ಲ ಹೊರಗೆ ಬಂದು ನೋಡಿದರು.

ಕಣದಾಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಮಗ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ, ಶಿಫ್ಟ್ ಮುಗಿಸಿ ಬಂದು ಒಳಗೆ ಮಲಗಿದ್ದ. ಸೊಸೆ ಚಾಪೆ ಹಾಕಿದಳು. ದನಿಯಿಂದ ಅವ್ವನನ್ನು ಗುರುತು ಹಿಡಿದು ಕಣದಾಕೆ ಎದ್ದು ನಿಲ್ಲಲು ಹೋದಳು. ಅವ್ವ ಆಕೆಯ ಕೈ ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಸಣ್ಣಾಕಿ ಮದುವಿ ಐತಿ. ಅಕ್ಕಿಕಾಳಿನ ಅಕ್ಕಿ ನೀನ ಹಸನ ಮಾಡಬೇಕು. ಗಿರಣ್ಯಾಗಲ್ಲ, ನಮ್ಮ ಮನಿ ಕಟ್ಟಿ ಮ್ಯಾಲೆ. ಎಲ್ಲರ ಮುಂದ. ಯಾರು ಏನಂತಾರೋ ಅನ್ಲಿ, ನಾ ನೋಡ್ಕೋತೀನಿ."

ಇದನ್ನು ಎಷ್ಟು ದಿನದಿಂದ ಎದೆಯಲ್ಲಿ ಇಟ್ಟುಕೊಂಡಿದ್ದಳೋ. ಕಣದಾಕೆ ಕೈಯಿಂದ ಕಣ್ಣು ಮುಟ್ಟಿಕೊಂಡಳು.

"ಕಣ್ಣು ಹ್ವಾದ್ವಲ್ರಿ ಅವ್ವಾರ. ಮುಕ್ಕು ಯಾವ್ದು, ಇಡೀ ಯಾವ್ದು, ಕಾಣಂಗಿಲ್ಲ."

"ಹಸನ ನಾವು ಮಾಡ್ತೀವಿ. ನೀ ಮೊರಾ ಹಿಡಕೊಂಡು ಸುಮ್ನ ಕುಂದ್ರು. ಮಂದಿ ನೋಡ್ಲಿ."

ಕಣದಾಕೆ ಅವ್ವನ ಕಡೆ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

"ಆವಾಗ ಕೆಲಸ ಮಾಡಿಸಿ ಮಂದಿಗೆ ತೋರಿಸಲಿಲ್ಲ. ಈಗ ಕೆಲಸ ಇಲ್ದ ಮಂದಿಗೆ ತೋರ್ಸಾಕ ಕರೀತೀರಿ. ಬ್ಯಾಡ್ರಿ ಅವ್ವಾರ. ನಾ ಗೊಂಬಿ ಅಲ್ಲ."

ಅವ್ವ ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಹೋದಾಗಲೂ ಆಕೆ ಜನರ ಎದುರು ಹಾಗೆ ಅತ್ತವಳಲ್ಲ. ಕಣದಾಕೆ ತಡವರಿಸಿ ಅವ್ವನ ಬೆನ್ನು ಹುಡುಕಿ, ಅದರ ಮೇಲೆ ಕೈಯಾಡಿಸಿದಳು.

"ಅಳಬ್ಯಾಡ್ರಿ. ಅಕ್ಕಿಕಾಳು ಹಾಕಾಕ ಬರ್ತೀನಿ. ಅದಕ್ಕ ಕಣ್ಣು ಬೇಕಾಗಂಗಿಲ್ಲ."

ತಂಗಿಯ ಅಕ್ಕಿಯನ್ನು ಅವ್ವ ತಾನೇ ಹಸನ ಮಾಡಿದಳು. ಮನೆಯ ಕಟ್ಟೆಯ ಮೇಲೆ ಹಾಡಹಗಲು ಕೂತು, ಕನ್ನಡಕ ಏರಿಸಿಕೊಂಡು ಮಾಡಿದಳು. ವಿಧವೆ ಮುಟ್ಟಬಾರದು ಎಂದು ದೊಡ್ಡವ್ವ ಕೂಗಾಡಿ ಹೋದಳು. ಅವ್ವ ತಲೆಯೆತ್ತಿ ನೋಡಲಿಲ್ಲ. ವಯಸ್ಸಾದ ಕಣ್ಣು, ಸರಿಯಾಗಿ ಆಗಲಿಲ್ಲ. ಮುಕ್ಕು ಬಹಳ ಉಳಿದಿತ್ತು. ನಾನು ಆರಿಸಲು ಕೂತರೆ ಬೇಡ, ಹಾಗೇ ಇರಲಿ ಎಂದಳು.

ಮದುವೆಯ ದಿನ ಕಣದಾಕೆ ಸೊಸೆಯ ಕೈ ಹಿಡಿದುಕೊಂಡು ಬಂದಳು. ಎಂದಿನ ಹಾಗೆ ಹಿತ್ತಲ ಕಡೆ ಹೊರಟವಳನ್ನು ಅವ್ವ ಹೋಗಿ ಕೈ ಹಿಡಿದು ಹಂದರದೊಳಗೆ ಕರೆತಂದಳು. ಕೆಲವರು ಸರಿದು ನಿಂತರು, ಕೆಲವರು ಎದ್ದೇ ಹೋದರು. ಮುಂದಿನ ಸಾಲಿನಲ್ಲಿ ಮುತ್ತೈದೆಯರು ನಿಂತಿದ್ದರು. ವಿಧವೆಯರಿಗೆ ಅಲ್ಲಿ ಜಾಗವಿಲ್ಲ, ಹೆತ್ತ ತಾಯಿಯಾದರೂ ಇಲ್ಲ; ಕೇರಿಯವಳಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಇಬ್ಬರೂ ಎಲ್ಲರ ಹಿಂದೆ ನಿಂತರು. ನಾನು ಬಟ್ಟಲು ಹಿಡಿದು ಅವರ ಬೊಗಸೆಗೆ ಅಕ್ಕಿ ಹಾಕಿದೆ. ಕಣದಾಕೆ ಒಂದು ಕಾಳನ್ನು ಬೆರಳಲ್ಲಿ ಹಿಡಿದು, ಅದರ ಮುರಿದ ತುದಿ ಸವರಿ, ಮತ್ತೆ ಬೊಗಸೆಗೆ ಬಿಟ್ಟಳು.

ವಾಲಗ ಜೋರಾಯಿತು, ಎಲ್ಲರೂ ಕೈಯೆತ್ತಿದರು.

"ಹುಡುಗಿ ಎತ್ತಾಗ ಅದಾಳ್ರಿ ಅವ್ವಾರ?" ಎಂದು ಕಣದಾಕೆ ಕೇಳಿದಳು.

ಅವ್ವ ಆಕೆಯ ಭುಜ ಹಿಡಿದು ಮಂಟಪದ ಕಡೆಗೆ ತಿರುಗಿಸಿದಳು. ಇಬ್ಬರೂ ಒಟ್ಟಿಗೆ ಅಕ್ಕಿ ಹಾಕಿದರು. ನಾವು ನಿಂತ ಜಾಗ ದೂರವಿತ್ತು. ಅಕ್ಕಿ ನಡುವೆ ನಿಂತವರ ಬೆನ್ನ ಮೇಲೆ ಬಿತ್ತು, ತಂಗಿಯವರೆಗೆ ಮುಟ್ಟಲಿಲ್ಲ.

"ಬಿತ್ತೇನ್ರಿ ಆಕಿ ಮ್ಯಾಲೆ?" ಎಂದು ಕಣದಾಕೆ ಕೇಳಿದಳು.

"ಬಿತ್ತು" ಎಂದಳು ಅವ್ವ.